ಕುರ್ಜಿನ ತಾವರೆ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಗದ. ಗಾದೆ ಕೆಡಿಸಿದ ಎಂದು ಮೂಗು ಮುರಿಯಬೇಡಿ. ಗಾದೆ ಕಟ್ಟಿದವರು ಹಂಗಳದ ಕಡೆ ಬಂದವರಲ್ಲ, ಬಂದಿದ್ದರೂ ಚಿಕ್ಕಮಾದಯ್ಯನ ಮನೆಯಲ್ಲಿ ಉಂಡವರಲ್ಲ. ಆ ಮನೆಯ ಸೊಸೆಗೆ ಕಾಲ ಬರಲಿಲ್ಲ, ಕಾಗದ ಬಂತು. ಅದೂ ಒಂದಲ್ಲ, ಎರಡು. ಒಂದು ಮೈಸೂರಿನ ಆಸ್ಪತ್ರೆಯಿಂದ, ಇನ್ನೊಂದು ಸ್ವಂತ ಮನೆಯ ಅಟ್ಟದಿಂದ. ಇದು ನಡೆದ ಕಥೆ. ಸುಳ್ಳು ಅನಿಸಿದ ಕಡೆ ನಕ್ಕುಬಿಡಿ. ಆ ಮನೆಯವರೂ ಕೊನೆಗೆ ಅದನ್ನೇ ಮಾಡಿದರು.

ಊರು ಗುಂಡ್ಲುಪೇಟೆ ತಾಲೂಕಿನ ಹಂಗಳದಿಂದ ಎರಡು ಮೈಲಿ ಒಳಕ್ಕೆ, ಕಾಡಿನ ಅಂಚಿಗೆ. ಆನೆ ದಿನಾ ಬರುತ್ತದೆ, ಬಸ್ಸು ದಿನ ಬಿಟ್ಟು ದಿನ. ಮನೆಯಲ್ಲಿ ಐದು ಜನ. ಯಜಮಾನ ಚಿಕ್ಕಮಾದಯ್ಯ, ಅವನ ಹೆಂಡತಿ ದೊಡ್ಡಮಾದಮ್ಮ. ಗಂಡ ಚಿಕ್ಕ, ಹೆಂಡತಿ ದೊಡ್ಡ. ಮನೆಯಲ್ಲಿ ಯಾರ ಮಾತು ನಡೆಯಬೇಕು ಎಂಬುದು ಹೆಸರಿಡುವಾಗಲೇ ತೀರ್ಮಾನವಾಗಿತ್ತು. ಅವರ ಒಬ್ಬನೇ ಮಗ ಶಾಂತರಾಜು ಬಂಡೀಪುರದ ದಾರಿಯ ರೆಸಾರ್ಟೊಂದರಲ್ಲಿ ಗೇಟು ಕಾಯುತ್ತಾನೆ. ಶಾಂತ ಎನ್ನುವುದು ಅವನಿಗೆ ಒಪ್ಪುತ್ತಿತ್ತು, ರಾಜ ಎನ್ನುವುದನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಅವನ ಹೆಂಡತಿ ಮೀನಾ ಊರ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಶಾಲೆಯಲ್ಲಿ ಬಿಸಿಯೂಟ ಬಡಿಸಿ ಬಂದವಳಿಗೆ ಮನೆಯಲ್ಲಿ ಅತ್ತೆ ಬೈಯೂಟ ಬಡಿಸುತ್ತಿದ್ದಳು. ಇವರಿಬ್ಬರ ಮಗಳು ಭವ್ಯ, ಎಂಟನೇ ಕ್ಲಾಸು ಮುಗಿಸಿದ್ದಳು.

ಭವ್ಯಳಿಗೆ ಒಂದು ವಿದ್ಯೆ ಹುಟ್ಟಿನಿಂದಲೇ ಬಂದಿತ್ತು. ಯಾರ ದನಿಯನ್ನು ಒಂದು ಸಲ ಕೇಳಿದರೂ ಅದು ಅವಳ ಗಂಟಲಲ್ಲಿ ಬಾಡಿಗೆಗೆ ಇರುತ್ತಿತ್ತು. ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು, ಹೆಡ್‌ಮಾಸ್ಟರು, ಐಸ್‌ಕ್ರೀಮಿನ ಮಲಯಾಳಿ, ಯಾರನ್ನೂ ಬಿಟ್ಟವಳಲ್ಲ. ಎಲ್ಲಕ್ಕಿಂತ ಚೆನ್ನಾಗಿ ಮಾಡುತ್ತಿದ್ದದ್ದು ಅಜ್ಜಿಯನ್ನು. ಮಾಡಿ ಅಜ್ಜಿಯ ಕೈಯಲ್ಲಿ ಏಟನ್ನೂ ತಿನ್ನುತ್ತಿದ್ದಳು.

ಇನ್ನು ಕುರ್ಜಿನ ಮಾತು. ಆ ಕಡೆ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಬಿದಿರಿನ ಸೀಳಿನಲ್ಲಿ ಪುಟ್ಟ ಗೋಪುರ ಕಟ್ಟಿ, ಬಣ್ಣದ ಕಾಗದ ಅಂಟಿಸಿ, ಜಾಲರಿ ಬಿಟ್ಟು, ಹೂ ಸಿಕ್ಕಿಸಿ, ಅದರೊಳಗೆ ಮದುಮಗನ ಹಾಗೆ ಕೂರಿಸುವುದು. ಅದಕ್ಕೆ ಕುರ್ಜು ಎನ್ನುತ್ತಾರೆ. ಸುತ್ತಿನ ಹನ್ನೆರಡು ಹಳ್ಳಿಗೆ ಕುರ್ಜು ಕಟ್ಟುತ್ತಿದ್ದವನು ಚಿಕ್ಕಮಾದಯ್ಯ ಒಬ್ಬನೇ. ಭವ್ಯ ಅಂಗನವಾಡಿಗೆ ಹೋಗುವ ಹೊತ್ತಿಗೆ ಗುಂಡ್ಲುಪೇಟೆಯಿಂದ ಪ್ಲಾಸ್ಟಿಕ್ ಹೂವಿನ ವ್ಯಾನು ಬರತೊಡಗಿತು, ಅದರ ನೆತ್ತಿಯ ಮೇಲೆ ಸ್ಪೀಕರು. ಸತ್ತವರೆಲ್ಲ ವ್ಯಾನು ಹತ್ತಿದರು. ಚಿಕ್ಕಮಾದಯ್ಯ ಎರಡು ಮೇಕೆ ಹಿಡಿದುಕೊಂಡು ಕಾಡಂಚಿನ ಆನೆ ಕಂದಕದ ಕಡೆ ಹೊರಟ.

ಕಸುಬು ಹೋದರೂ ಬೈಗುಳ ಹೋಗಲಿಲ್ಲ. ಬೇರೆ ಮನೆಯಲ್ಲಿ ಕೋಪ ಬಂದರೆ ‘ನಿನ್ ಮನೆ ಆಳಾಗ’ ಎನ್ನುತ್ತಾರೆ. ದೊಡ್ಡಮಾದಮ್ಮ ‘ನಿನ್ ಕುರ್ಜು ಕಟ್ಟ’ ಎನ್ನುತ್ತಿದ್ದಳು. ಮೇಕೆ ಸೊಪ್ಪು ತಿನ್ನದಿದ್ದರೆ ಅದರ ಕುರ್ಜು ಕಟ್ಟ. ಕರೆಂಟು ಹೋದರೆ ಲೈನ್‌ಮನ್ನಿನ ಕುರ್ಜು ಕಟ್ಟ. ಸೊಸೆ ಮೀನಾಳ ಕುರ್ಜಂತೂ ಹದಿನಾರು ವರ್ಷದಿಂದ ದಿನಕ್ಕೆ ಮೂರು ಹೊತ್ತು, ಊಟದ ಹಾಗೆ, ತಪ್ಪದೆ ಕಟ್ಟಿಸಿಕೊಳ್ಳುತ್ತಿತ್ತು. ಮೀನಾಳೂ ಸುಮ್ಮನಿರುತ್ತಿರಲಿಲ್ಲ. “ಕಟ್ಸಿ ಅತ್ತೆ, ಮಾವ ಮನೇಲೇ ಅವ್ರೆ, ಕೂಲಿ ಉಳೀತದೆ,” ಎನ್ನುತ್ತಿದ್ದಳು.

ಏಪ್ರಿಲ್ಲಿನಲ್ಲಿ, ಶಾಲೆ ಮುಗಿದ ವಾರ, ಮೊದಲ ಕಾಗದ ಬಂತು. ಮೀನಾಳ ಹೊಟ್ಟೆನೋವು ಮಾತ್ರೆಗೆ ಬಗ್ಗದೆ ಮೈಸೂರಿಗೆ ಕರೆದುಕೊಂಡು ಹೋಗಿದ್ದರು. ವರದಿಯಲ್ಲಿ ಪಾಸಿಟಿವ್ ಎಂದು ಬರೆದಿತ್ತು. ಆ ಮನೆಗೆ ಅದುವರೆಗೆ ಬಂದ ಪಾಸಿಟಿವ್ ಸುದ್ದಿ ಅದೊಂದೇ.

ಶಾಂತರಾಜು ಹೆಂಡತಿಯನ್ನು ಒಳಗೆ ಮಂಚದ ಮೇಲೆ ಮಲಗಿಸಿ, ಅಪ್ಪ ಅವ್ವನನ್ನು ಹಿತ್ತಿಲಿಗೆ ಕರೆದ. ಭವ್ಯ ಅಲ್ಲೇ ಕಲ್ಲಿನ ಮೇಲೆ ಪಾತ್ರೆ ತೊಳೆಯುತ್ತಿದ್ದಳು. ಅವಳನ್ನು ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

“ಗೆಡ್ಡೆ ಅಂತೆ. ಕುಯ್ಯಂಗಿಲ್ವಂತೆ. ಎಲ್ಲಾ ಕಡೆ ಅಬ್ಬಿಬುಟ್ಟದಂತೆ.”

“ಪಥ್ಯ ಏನು ಏಳುದ್ರು?” ಎಂದಳು ದೊಡ್ಡಮಾದಮ್ಮ.

“ಪಥ್ಯ ಏನಿಲ್ಲ. ಇಷ್ಟ ಬಂದದ್ದು ತಿನ್ಲಿ, ಮನೇಲಿ ಚೆನ್ನಾಗಿ ನೋಡ್ಕೊಳ್ಳಿ ಅಂದ್ರು.”

ಪಥ್ಯ ಇಲ್ಲ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಚಿಕ್ಕಮಾದಯ್ಯ ಹೆಗಲ ಟವೆಲು ತೆಗೆದು ಸುಮ್ಮನೆ ಕೊಡವಿದ.

“ಎಷ್ಟು ದಿನ ಅಂದ್ರು?”

“ಮಳೆ ಇಡಿಯೋ ತಂಕ. ಅವ್ಳಿಗೆ ಅಲ್ಸರ್ ಅಂತ ಏಳಿವ್ನಿ. ಯಾರೂ ಬಾಯಿ ಬುಡಬೇಡಿ.”

ಬಾಯಿ ಬಿಡಬೇಡಿ ಎಂದದ್ದನ್ನು ದೊಡ್ಡಮಾದಮ್ಮ ಬಹಳ ಚೆನ್ನಾಗಿ ಪಾಲಿಸಿದಳು. ಅದೇ ಎಡವಟ್ಟಾಯಿತು.

ಮಾರನೆಯ ಬೆಳಿಗ್ಗೆ ಮೀನಾ ಒಲೆಯ ಮುಂದೆ ಕೂತಿದ್ದಳು. ಹಾಲು ಉಕ್ಕಿ ಒಲೆ ಪಾಲಾಯಿತು. ಭವ್ಯ ಬಾಗಿಲಲ್ಲೇ ನಿಂತು, ಅಜ್ಜಿಯ ಬಾಯಿಂದ ಬರಬೇಕಾದ್ದನ್ನು ಕಾಯ್ದಳು. ಮೀನಾ ಕೂಡ ಕತ್ತು ತಿರುಗಿಸಿ ಕಾಯ್ದಳು.

“ಓಗ್ಲಿ ಬುಡು ಪಾಪ, ಆಲು ತಾನೆ,” ಎಂದಳು ದೊಡ್ಡಮಾದಮ್ಮ.

ಪಾಪ ಎಂಬ ಮಾತನ್ನು ಅವಳು ತೊಟ್ಟಿಲಲ್ಲಿದ್ದ ಪಾಪುವಿಗೂ ಬಳಸಿದವಳಲ್ಲ. ಮೀನಾಳ ಕೈಯಲ್ಲಿದ್ದ ಮಸಿಬಟ್ಟೆ ಅಲ್ಲೇ ನಿಂತಿತು.

ಮೂರು ದಿನ ಬಿಟ್ಟು ಮೀನಾ ಉಪ್ಸಾರಿಗೆ ಎರಡು ಹಿಡಿ ಉಪ್ಪು ಹಾಕಿದಳು. ಬೇಕೆಂದೇ ಹಾಕಿದಳು, ಭವ್ಯ ನೋಡಿದ್ದಳು. ಎಲ್ಲರೂ ಮುದ್ದೆ ಮುರಿದು, ಅದ್ದಿ, ನುಂಗಿದರು. ಶಾಂತರಾಜುವಿನ ಕಣ್ಣಲ್ಲಿ ನೀರು ಬಂತು, ಅದು ಉಪ್ಪಿಗೋ ಇನ್ನೊಂದಕ್ಕೋ ಹೇಳುವುದು ಕಷ್ಟ.

“ಎಂಗದೆ ಅತ್ತೆ ಸಾರು?”

“ಚೆನ್ನಾಗದೆ ಕಣಮ್ಮ. ಇನ್ನೊಂಚೂರು ಬುಡು.”

ಚಿಕ್ಕಮಾದಯ್ಯ ಎರಡು ಚೊಂಬು ನೀರು ಕುಡಿದ. ಉಪ್ಪು ತಿಂದವರು ನೀರು ಕುಡಿದರು, ಉಪ್ಪು ಹಾಕಿದವಳು ತಟ್ಟೆ ಸರಿಸಿದಳು. ಅವತ್ತಿನಿಂದ ಮೀನಾ ಉಣ್ಣುವುದನ್ನು ಬಿಟ್ಟಳು.

ಗಂಜಿ ಹಿಡಿದು ಹೋದ ಭವ್ಯಳನ್ನು ಮಂಚದ ತುದಿಗೆ ಕೂರಿಸಿಕೊಂಡು ಕೇಳಿದಳು. “ನಿಮ್ಮಜ್ಜಿ ನನ್ನ ಬೈದು ಎಷ್ಟು ದಿನ ಆಯ್ತು ಏಳು?”

“ಏನೋಪ್ಪ. ನಾನೇನು ಲೆಕ್ಕ ಇಟ್ಟಿದ್ದೀನಾ?”

“ಹತ್ತು ದಿನ. ಹದಿನಾರು ವರ್ಷದಲ್ಲಿ ಹತ್ತು ದಿನ ಬೈದೇ ಇದ್ದದ್ದು ನಿನ್ನ ಹೆತ್ತಾಗಲೂ ಇಲ್ಲ. ಅಲ್ಸರ್ ಬಂದೋಳನ್ನ ಯಾರಾದ್ರೂ ಇಷ್ಟು ಮರ್ಯಾದೆಯಾಗಿ ನೋಡ್ಕೋತಾರಾ?”

“ಅಜ್ಜಿಗೆ ಗಂಟಲು ಕಟ್ಟದೆ ಕಣವ್ವ. ಕೂಗಕ್ಕಾಗಲ್ಲ.”

“ಸರಿ ಬುಡು. ಗಂಟಲು ಬಿಟ್ಕೊಂಡ ಮೇಲೆ ಉಣ್ತೀನಿ.” ಮೀನಾ ಗೋಡೆಯ ಕಡೆ ಹೊರಳಿದಳು.

ಭವ್ಯಳಿಗೆ ಒಂದು ವಿಷಯ ಖಚಿತವಾಯಿತು. ಅವ್ವ ಉಣ್ಣಬೇಕು. ಮಳೆ ಹಿಡಿಯುವ ತನಕವಾದರೂ, ತನಗೆ ವಾಸಿಯಾಗುತ್ತದೆ ಅಂದುಕೊಂಡು ಉಣ್ಣಬೇಕು. ಅದಕ್ಕೆ ಡಾಕ್ಟರು ಬೇಡ, ಔಷಧಿ ಬೇಡ. ಅಜ್ಜಿ ಒಂದು ಸಲ ಬಾಯಿ ತುಂಬ ಬೈದರೆ ಸಾಕು.

ಅಜ್ಜಿ ಕೊಟ್ಟಿಗೆಯಲ್ಲಿ ಮೇಕೆಗೆ ಸೊಪ್ಪು ಕಟ್ಟುತ್ತಿದ್ದಳು.

“ಅಜ್ಜಿ, ಅವ್ವನ್ನ ಒಂದ್ಸಲ ಬೈಯಿ.”

“ಏನಂದೆ?”

“ಬೈಯಿ ಅಂದೆ. ಮುಂಚೆ ಬೈತಿದ್ದೆಯಲ್ಲ, ಅಂಗೆ. ನೀನು ಬೈದ್ರೆ ಉಣ್ತದೆ.”

ದೊಡ್ಡಮಾದಮ್ಮ ಸೊಪ್ಪಿನ ಕಟ್ಟಿನ ಮೇಲೇ ಕುಸಿದು ಕೂತಳು. “ನನ್ ನಾಲಗೆ ಕಿತ್ತಾಕವ್ವ ಬೇಕಾರೆ. ಅದಿನಾರು ವರ್ಸ ‘ನಿನ್ ಕುರ್ಜು ಕಟ್ಟ, ನಿನ್ ಕುರ್ಜು ಕಟ್ಟ’ ಅಂದ್ನಲ್ಲ. ಬೇರೆ ಏನೂ ಕೇಳಿಸ್ಕೊಳ್ದೆ ಇದ್ದ ಬೆಟ್ಟದ ಮಾದಪ್ಪ, ಇದೊಂದನ್ನ ಕೇಳಿಸ್ಕೊಂಬುಟ್ಟ ಕಣಮ್ಮಿ.”

ಭವ್ಯ ಹಿಂದಕ್ಕೆ ಬಂದಳು. ಬರುವಾಗಲೇ ಅವಳ ಗಂಟಲು ಸಿದ್ಧವಾಗುತ್ತಿತ್ತು.

ಮರುದಿನ ಅಜ್ಜಿ ಚೆಂಡುಹೂವಿನ ಹೊಲಕ್ಕೆ ಸಸಿ ನೆಡುವ ಕೂಲಿಗೆ ಹೋದಳು. ಅಪ್ಪ ಗೇಟಿನಲ್ಲಿ, ತಾತ ಮೇಕೆಯ ಹಿಂದೆ. ಭವ್ಯ ಅವ್ವನ ಪಕ್ಕಕ್ಕೆ ಗಂಜಿ ಇಟ್ಟು, “ಅಜ್ಜಿ ಇವತ್ತು ಬೇಗ ಬಂದುಬುಡ್ತು, ಹಿತ್ತಿಲಲ್ಲಿದೆ. ನಾನು ಅಂಗಡಿಗೆ ಓಗ್ಬುಟ್ಟು ಬತ್ತೀನಿ,” ಎಂದು ಮುಂಬಾಗಿಲಿಂದ ಹೊರಟು, ಮನೆ ಸುತ್ತಿ ಹಿತ್ತಿಲಿಗೆ ಬಂದಳು. ಮಂಚದ ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಬಾಯಿಯ ಎಡಗಡೆ ಎಲೆಯಡಿಕೆ ಇರುವ ಹಾಗೆ ಕೆನ್ನೆ ಉಬ್ಬಿಸಿ ಶುರು ಮಾಡಿದಳು.

“ಏನಮ್ಮಿ ಮೀನಿ! ಮಾರಾಣಿ ಅಂಗೆ ಮಲಗಿದ್ರೆ ಪಾತ್ರೆ ಬೆಳಗೋರು ಯಾರು, ನಿಮ್ಮಪ್ಪ ಬತ್ತಾನಾ? ಒಂದು ಒಟ್ಟೆನೋವು ಬಂದ್ರೆ ಊರಿಗೇ ಡಂಗುರ! ನಾನು ಏಳು ಎತ್ತಿವ್ನಿ, ಆರು ಮಣ್ಣಿಗಾಕಿವ್ನಿ, ಒಂದಿನ ಮಲಗಿದ್ನಾ? ಗಂಜಿ ಆರಿ ಕಲ್ಲಾಗ್ತಾ ಅದೆ, ತಿನ್ನೋಕೂ ಮೂರ್ತ ನೋಡಬೇಕಾ ನಿಂಗೆ?”

ಎಲ್ಲಾ ಇತ್ತು. ಹಕಾರ ಒಂದೂ ಉಳಿದಿರಲಿಲ್ಲ. ನಡುವೆ ಥೂ ಎಂದು ಉಗಿದದ್ದೂ ಸರಿಯಾದ ಜಾಗದಲ್ಲೇ ಇತ್ತು. ಕೊನೆಗೆ ಬರಬೇಕಾದ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಭವ್ಯ ಅದನ್ನು ನುಂಗಿ, ಕಾಲು ಅಪ್ಪಳಿಸಿ, ಕೋಳಿಯನ್ನು ಓಡಿಸಿ ಮುಗಿಸಿದಳು.

ಗೋಡೆಗೆ ಕಿವಿ ಹಚ್ಚಿದಳು. ಆಮೇಲೆ ಚಮಚದ ಸದ್ದು ಕೇಳಿಸಿತು.

ಮೂರು ವಾರ ಹೀಗೆ ನಡೆಯಿತು. ಅಜ್ಜಿ ಕೂಲಿಗೆ ಹೋದ ದಿನವೆಲ್ಲ ಹಿತ್ತಿಲಲ್ಲಿ ಅಜ್ಜಿ ಬೈಯುತ್ತಿದ್ದಳು, ಮೀನಾ ಉಣ್ಣುತ್ತಿದ್ದಳು. ಮನೆಗೆ ಬಂದ ನಿಜವಾದ ಅಜ್ಜಿ ಖಾಲಿ ಬಟ್ಟಲು ನೋಡಿ, “ಉಂಡ್ಯಾ ಮಗ, ಉಂಡ್ಯಾ,” ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಒಂದೇ ಮನೆಯಲ್ಲಿ ಇಬ್ಬರು ಅತ್ತೆಯರ ಕೈಗೆ ಸಿಕ್ಕ ಸೊಸೆ ಜಿಲ್ಲೆಯಲ್ಲೇ ಮೀನಾ ಒಬ್ಬಳಿರಬೇಕು.

ಒಂದು ಸಲ ಗುಟ್ಟು ರಟ್ಟಾಗುವುದರಲ್ಲಿತ್ತು. ಪಕ್ಕದ ಮನೆ ಚಿಕ್ಕಬಸಮ್ಮ ಗೋಡೆಯ ಮೇಲೆ ಮೊಣಕೈಯೂರಿ ನ್ಯಾಯಕ್ಕೆ ನಿಂತಳು.

“ಏನಕ್ಕ ದೊಡ್ಡಮಾದಿ, ನಿನ್ನೆ ನನ್ ಕೋಳಿಗೆ ಯಾಕೆ ಅಂಗೆ ಬೈದೆ? ಅದು ಮೊಟ್ಟೆ ಇಕ್ಕೋದು ಬುಟ್ಬುಟ್ಟದೆ.”

“ನಾ ಎಲ್ಲಿ ಬೈದೆ? ನಿನ್ನೆ ಕತ್ತಲಾಗೋ ತಂಕ ಒಲದಲ್ಲಿದ್ದೆ. ಬೈಯೋದ ಬುಟ್ಟು ತಿಂಗಳಾಯ್ತು ನಾನು.”

“ನನ್ ಕಿವಿಯೇನು ಕೆಟ್ಟೋಗದಾ?”

ಭವ್ಯಳ ಕೈಯ ಚೊಂಬು ಜಾರಿತು. ಆಗ ಒಳಗಿನ ಮಂಚದಿಂದ ಮೀನಾಳ ದನಿ ಬಂತು. “ನೀವೇ ಬೈದಿದ್ದು ಅತ್ತೆ. ನಾನೂ ಕೇಳಿಸ್ಕೊಂಡೆ. ಬಿಸಿಲಿಗೆ ಮರೆವು ನಿಮಗೆ.”

ದೊಡ್ಡಮಾದಮ್ಮ ಬಾಯಿಗೆ ಕೈಯಿಟ್ಟುಕೊಂಡಳು. ಮರೆವೇ ಇರಬೇಕು ಎಂದುಕೊಂಡಳೋ ಏನೋ, ಅವತ್ತು ಸಂಜೆ ತಲೆಗೆ ಹರಳೆಣ್ಣೆ ತಟ್ಟಿಕೊಂಡಳು. ಅವ್ವ ಪೂರ್ತಿ ನಂಬಿದ್ದಾಳೆ ಎಂದು ಭವ್ಯ ಹಿಗ್ಗಿದಳು.

ನಂಬಿಕೆ ಬೆಳೆಯಿತು, ಮೈ ಬೆಳೆಯಲಿಲ್ಲ. ಬಟ್ಟಲು ಚಿಕ್ಕದಾಗುತ್ತ ಲೋಟವಾಯಿತು, ಲೋಟ ಚಮಚವಾಯಿತು. ಮೀನಾಳ ಹಸಿರು ಬಳೆ ಮಣಿಕಟ್ಟು ಬಿಟ್ಟು ಮೊಣಕೈ ತನಕ ಏರುತ್ತಿತ್ತು, ಕೈ ಇಳಿಬಿಟ್ಟರೆ ಬೆರಳಿನ ಬುಡಕ್ಕೆ ಬಂದು ನಿಲ್ಲುತ್ತಿತ್ತು. ದೊಡ್ಡಮಾದಮ್ಮ ಮಗನನ್ನು ಅಡುಗೆಮನೆಯಲ್ಲಿ ಅಡ್ಡಗಟ್ಟಿದಳು.

“ಕಾಡೊಳಗಿನ ಮದ್ದೂರು ಕಡೆ ಬೇರು ಕೊಡೋನು ಒಬ್ಬವ್ನಂತೆ. ಕೇರಳದೋರೆಲ್ಲ ಅವನತ್ರಕೇ ಬತ್ತಾರಂತೆ. ಕರ್ಕೊಂಡೋಗನ ಕಣ್ಲಾ.”

“ಜೀಪಲ್ಲಿ ಕುಲುಕಿಸ್ಕೊಂಡು ಓದ್ರೆ ದಾರೀಲೇ ಮುಗೀತದೆ.”

“ಇಲ್ಲಿದ್ರೆ ಮುಗಿಯಲ್ವಾ?”

“ಮುಗೀತದೆ. ಅವ್ಳ ಮಂಚದಲ್ಲಿ ಮುಗೀತದೆ,” ಎಂದ ಶಾಂತರಾಜು. ಆಮೇಲೆ ಟಾರ್ಚು ಹಿಡಿದು ಗೇಟು ಕಾಯಲು ಹೋದ. ಹುಲಿ ನೋಡಲು ಬಂದವರಿಗೆ ಸೆಲ್ಯೂಟು ಹೊಡೆಯುವುದು ಅವನ ಕೆಲಸ. ಆ ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ, ತಪ್ಪಿಸಿದರೆ ರಜಾ ಮುಂದಕ್ಕೆ ಬೇಕಾದಾಗ ಸಿಗುವುದಿಲ್ಲ ಎಂದು.

ಮೇ ತಿಂಗಳಲ್ಲಿ ಪಂಚಾಯ್ತಿ ಲೈಬ್ರರಿಯಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಯಿತು. ಲೈಬ್ರರಿಯ ಸುನೀಲ್ ಕುಮಾರ್ ಮೂಗಿನಲ್ಲಿ ಮಾತಾಡುವ ಒಳ್ಳೆಯ ಮನುಷ್ಯ.

“ಮಕ್ಕಳೇ, ಬರುವ ಭಾನುವಾರ ಅಮ್ಮಂದಿರ ದಿನ. ಅಂಗಡಿಯಿಂದ ಏನೂ ತರುವಂತಿಲ್ಲ. ಕಾಗದ ಕತ್ತರಿಸಿ, ಬಣ್ಣ ಬಳಿದು, ನಿಮ್ಮ ಕೈಯಾರೆ ತೂಗುಹಾಕುವ ಅಲಂಕಾರ ಮಾಡಿ ಅಮ್ಮನಿಗೆ ಕೊಡಬೇಕು. ಅಮ್ಮ ದಿನಾ ನೋಡಬೇಕು, ಹಾಗಿರಬೇಕು.”

ಉಳಿದ ಮಕ್ಕಳು ಚಿಟ್ಟೆ ಕತ್ತರಿಸಿದರು, ಹೃದಯ ಕತ್ತರಿಸಿದರು. ಭವ್ಯಳ ಚಿಟ್ಟೆ ಬಾವಲಿಯ ಹಾಗಾಯಿತು, ಹೃದಯ ಆಲೂಗೆಡ್ಡೆಯ ಹಾಗಾಯಿತು. ಗೆಡ್ಡೆ ಎಂಬ ಮಾತು ನೆನಪಾಗಿ ಅವಳು ಅದನ್ನು ಹರಿದಳು. ಗುರುವಾರ ಮನೆಗೆ ಬಂದು ತಾತನನ್ನು ಹಿಡಿದಳು.

“ತಾತ, ಅವ್ವನಿಗೆ ಕಾಗದದಲ್ಲಿ ಏನಾದ್ರೂ ಮಾಡಬೇಕು. ನೀನು ಮುಂಚೆ ಕಾಗದದ ಕೆಲಸ ಮಾಡ್ತಿದ್ಯಲ್ಲ, ಹೇಳ್ಕೊಡು.”

ಚಿಕ್ಕಮಾದಯ್ಯ ಬೀಡಿ ಆರಿಸಿ ಅವಳ ಮುಖವನ್ನೇ ನೋಡಿದ. “ನಿಮ್ಮವ್ವಂಗಾ? ಯಾರು ಏಳುದ್ರು ನಿಂಗೆ?”

“ಲೈಬ್ರರಿ ಸಾರು. ಎಲ್ರೂ ಮಾಡ್ತಾ ಅವ್ರೆ.”

“ಎಲ್ರೂವಾ?” ಎಂದ ತಾತ. ಅವನಿಗೆ ಏನು ಅರ್ಥವಾಯಿತೋ. “ನೋಡನ ಬುಡು,” ಎಂದು ಎದ್ದುಹೋದ.

ಶುಕ್ರವಾರ ಒಣಮೆಣಸಿನಕಾಯಿ ಇಳಿಸಲು ಭವ್ಯ ಅಟ್ಟ ಹತ್ತಿದಳು. ಮೂಲೆಯಲ್ಲಿ ಗೋಣಿತಾಟು ಮುಚ್ಚಿತ್ತು. ಎತ್ತಿದರೆ, ಹೊಸದಾಗಿ ಸೀಳಿ ನಯ ಮಾಡಿದ ಬಿದಿರಿನ ದಬ್ಬೆ ಒಂದು ಕಟ್ಟು. ಬಣ್ಣದ ಕಾಗದದ ಸುರುಳಿ. ಹುಳು ಹಿಡಿಯದಂತೆ ಮೈಲುತುತ್ತ ಬೆರೆಸಿದ ಮೈದಾ ಗೋಂದಿನ ಕರಟ. ಮತ್ತು ಮಂಕರಿಯೊಳಗೆ ಒಂದು ತಾವರೆ. ಎಂಟು ದಳ. ಒಂದೊಂದು ದಳಕ್ಕೂ ಅರಿಸಿನದ ಬಣ್ಣ, ಅಂಚಿಗೆ ಕೂದಲೆಳೆಯಷ್ಟು ಕುಂಕುಮದ ಗೆರೆ. ನಡುವೆ ಬತ್ತಿಯ ಹಾಗೆ ಹೊಸೆದ ಕೇಸರ. ಉಸಿರು ತಗುಲಿದರೆ ದಳ ಅಲುಗುತ್ತಿತ್ತು.

ತಾತ ಒಂದು ದಿನದಲ್ಲಿ ಮಾಡಿಬಿಟ್ಟಿದ್ದಾನೆ! ಹೇಳದೆ ಬಚ್ಚಿಟ್ಟಿದ್ದಾನೆ! ಭವ್ಯಳಿಗೆ ಕುರ್ಜು ಎಂಬುದು ಬೈಗುಳವಾಗಿ ಗೊತ್ತಿತ್ತೇ ಹೊರತು ಕಣ್ಣಿಂದ ನೋಡಿದ ನೆನಪಿರಲಿಲ್ಲ. ತಾವರೆಯನ್ನು ಲಂಗದಲ್ಲಿ ಮರೆಮಾಡಿಕೊಂಡು ಲೈಬ್ರರಿಗೆ ಓಡಿದಳು. ಶನಿವಾರವೆಲ್ಲ ಕೂತು, ಅದನ್ನೇ ಮುಂದಿಟ್ಟುಕೊಂಡು ಎಂಟು ಪುಟ್ಟ ತಾವರೆ ಕತ್ತರಿಸಿದಳು. ಹಳದಿ ಬಳಿದಳು, ತೆಂಗಿನ ಗರಿಕಡ್ಡಿ ಅದ್ದಿ ಅಂಚಿಗೆ ಕೆಂಪೆಳೆದಳು. ಮೊದಲನೆಯದು ಸೊಟ್ಟ, ಎಂಟನೆಯದು ತಾತನದರ ತಂಗಿಯ ಹಾಗಿತ್ತು. ಸುನೀಲ್ ಕುಮಾರ್ ಕನ್ನಡಕ ಏರಿಸಿ, “ಇದು ಎಲ್ಲಿ ಕಲಿತೆ? ರಾಜ್ಯಮಟ್ಟದ್ದು ಇದು!” ಎಂದು ಫೋಟೋ ತೆಗೆದ. ಅವನು ನಂಜನಗೂಡಿನ ಕಡೆಯವನು, ಸತ್ತವರ ಮನೆಯ ಅಲಂಕಾರ ಹತ್ತಿರದಿಂದ ನೋಡಿದವನಲ್ಲ.

ಭಾನುವಾರ ಬೆಳಿಗ್ಗೆ ಅವ್ವ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಭವ್ಯ ಸ್ಟೂಲು ಹಾಕಿಕೊಂಡು ಮಂಚದ ಮೇಲಿನ ತೊಲೆಗೆ ದಾರ ಕಟ್ಟಿದಳು. ನಡುವೆ ತಾತನ ತಾವರೆ, ಸುತ್ತ ತನ್ನ ಎಂಟು. ಮಲಗಿದವಳಿಗೆ ಚೆನ್ನಾಗಿ ಕಾಣಲೆಂದು ಎಲ್ಲವನ್ನೂ ಬಾಯಿ ಕೆಳಗೆ ಮಾಡಿ, ಸರಿಯಾಗಿ ನೆತ್ತಿಯ ಮೇಲಕ್ಕೆ ಕಟ್ಟಿದಳು. ದೇವರಿಗೆ ಇಡುವ ತಾವರೆ ಮೇಲೆ ನೋಡುತ್ತದೆ. ಕೆಳಗೆ ನೋಡುವ ತಾವರೆ ಇರುವುದು ಒಂದೇ ಕಡೆ.

ಮೀನಾ ಕಣ್ಣು ಬಿಟ್ಟಳು.

“ಅಮ್ಮಂದಿರ ದಿನ ಅವ್ವ ಇವತ್ತು! ನಾನೇ ಮಾಡಿದ್ದು. ನಡುವಿಂದು ಮಾತ್ರ ತಾತ.”

ಮೀನಾ ನೋಡಿದಳು. ನೋಡುತ್ತಲೇ ಇದ್ದಳು. “ತಾತ ಯಾವಾಗ ಮಾಡ್ತು?”

“ಅಟ್ಟದಲ್ಲಿತ್ತು. ದಬ್ಬೆ ಎಲ್ಲಾ ಸೀಳಿ ಇಟ್ಟದೆ, ಇನ್ನೂ ಏನೋ ದೊಡ್ಡದು ಮಾಡ್ತದೆ ಅನ್ನಿಸ್ತದೆ. ಚೆನ್ನಾಗಿಲ್ವಾ?”

“ಚೆನ್ನಾಗದೆ,” ಎಂದಳು ಮೀನಾ. “ಗೆರೆ ಎಷ್ಟು ಸಣ್ಣಕ್ಕೆ ಎಳೆದವ್ರೆ ನೋಡು.”

ಆ ಹೊತ್ತಿಗೆ ಶಾಂತರಾಜು ಡ್ಯೂಟಿ ಮುಗಿಸಿ ಬಂದ. ಹೊಸ್ತಿಲಲ್ಲಿ ಒಂದು ಚಪ್ಪಲಿ ಬಿಟ್ಟ, ಇನ್ನೊಂದನ್ನು ಬಿಡಲಿಲ್ಲ. “ಯಾರು… ಯಾರು ಕಟ್ಟಿದ್ದು ಇದ?” ಎಂದ.

ಅವನ ಹಿಂದೆಯೇ ಅಡುಗೆಮನೆಯಿಂದ ದೊಡ್ಡಮಾದಮ್ಮ ಗಂಜಿ ತಂದಳು. ತಲೆಯೆತ್ತಿದಳು. ಬಟ್ಟಲು ಕೈಬಿಟ್ಟು ಗಂಜಿ ನೆಲಕ್ಕೆ ಚೆಲ್ಲಿತು.

“ಅಯ್ಯೋ ಮುಂಡೇದೆ! ಮುತ್ತೈದೆ ತಾವರೆ! ಎಲ್ಲಿತ್ತಮ್ಮಿ ಇದು? ಏಳೇ!”

“ತಾತ ಮಾಡಿ ಅಟ್ಟದಲ್ಲಿಟ್ಟಿತ್ತು,” ಎಂದಳು ಭವ್ಯ. ಅವಳ ದನಿ ಅವಳದೇ ಆಗಿತ್ತು, ಬಹಳ ಸಣ್ಣದಾಗಿತ್ತು.

ಮೇಕೆ ಬಿಚ್ಚುತ್ತಿದ್ದ ಚಿಕ್ಕಮಾದಯ್ಯ ಗದ್ದಲ ಕೇಳಿ ಒಳಗೆ ಬಂದ. ತೊಲೆ ನೋಡಿದ. ಹಗ್ಗ ಕೈಯಲ್ಲೇ ಇತ್ತು.

“ಏನಯ್ಯಾ ಮುದುಕಾ! ಗಂಡ ಇದ್ದಂಗೇ ಸತ್ತೋರ ನೆತ್ತಿ ಮ್ಯಾಲೆ ಕಟ್ಟೋ ತಾವರೆ ಇದು! ಬದುಕಿರೋಳಿಗೆ ಮಾಡಿಟ್ಟಿದ್ದೀಯಾ? ದಬ್ಬೆ ಬೇರೆ ಸೀಳಿದ್ದೀಯಾ? ಅಳತೆ ಯಾವಾಗ ತಗಂಡೆ, ಮಲಗಿದ್ದಾಗ್ಲಾ? ಆತ್ರ ತಡೀನಿಲ್ವಾ ನಿಂಗೆ?”

ನಲವತ್ತೈದು ವರ್ಷ ಹೆಂಡತಿಗೆ ಎದುರು ಹೇಳದ ಚಿಕ್ಕಮಾದಯ್ಯ ಬಾಯಿ ಬಿಟ್ಟ. “ಇನ್ನೇನು ಮಾಡ್ಲಿ? ಸುತ್ತ ಅನ್ನೆರಡು ಊರಿಗೆ ಕಟ್ಟಿವ್ನಿ. ನನ್ ಸೊಸೆನ ಆ ಪ್ಲಾಸ್ಟಿಕ್ ವ್ಯಾನಲ್ಲಿ, ಪಾಂ ಪಾಂ ಅನ್ನಿಸ್ಕೊಂಡು ಕಳಿಸ್ಲಾ? ಕೈ ನಡುಗ್ತದೆ ಈಗ. ಒಂದು ತಾವರೆಗೆ ವಾರ ಬೇಕು ನಂಗೆ. ಅವತ್ತೇ ಕೂತ್ಕೊಂಡು ಕಟ್ಟು ಅಂದ್ರೆ ಕಟ್ಟಕ್ಕಾಗ್ತದಾ?”

“ಅಪ್ಪ, ಸುಮ್ನಿರು!” ಎಂದ ಶಾಂತರಾಜು.

“ಸುಮ್ನಿರೋದ? ಬಾಯಲ್ಲಿ ಮಾತಿಲ್ಲ, ಮನಸಲ್ಲಿ ಇಷ್ಟು ಇಟ್ಕೊಂಡಿದ್ನಾ ಇವ್ನು?” ದೊಡ್ಡಮಾದಮ್ಮನ ಸೆರಗು ಜಾರಿತು, ತುರುಬು ಬಿಚ್ಚಿತು, ತಿಂಗಳಿಂದ ಕಟ್ಟಿಟ್ಟಿದ್ದ ನಾಲಗೆಯೂ ಬಿಚ್ಚಿತು. “ಮನೆಮುರುಕ! ಮೂರು ಕಾಸಿನ ಕಾಗದಕ್ಕೆ ಬಣ್ಣ ಬಳಿಯೋನು! ಅಯ್ಯೋ ನಿನ್ ಕೈ ಸೇದೋಗ! ಥೂ, ನಿನ್ ಕುರ್ಜು ಕಟ್ಟ!”

ಅಂದವಳು ಹಾಗೇ ನಿಂತಳು. ಎತ್ತಿದ ಕೈ ಎತ್ತಿದ್ದಂತೆಯೇ ಇತ್ತು. ತೊಲೆಯಲ್ಲಿ ತಾವರೆ ಒಂದು ಸುತ್ತು ತಿರುಗಿತು. ತಿಂಗಳಿಂದ ಮುಚ್ಚಿಟ್ಟದ್ದೆಲ್ಲ ಈಗ ನೆಲದ ಮೇಲೆ ಗಂಜಿಯ ಜೊತೆ ಚೆಲ್ಲಿ ಬಿದ್ದಿತ್ತು.

ಮಂಚದ ಕಡೆಯಿಂದ ಒಂದು ಸದ್ದು ಬಂತು. ಭವ್ಯ ಬಿಕ್ಕಳಿಕೆ ಅಂದುಕೊಂಡಳು. ಶಾಂತರಾಜು ನೀರಿಗೆ ಓಡಿದ. ಅದು ಬಿಕ್ಕಳಿಕೆ ಆಗಿರಲಿಲ್ಲ.

“ಅತ್ತೆ…” ಮೀನಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಅತ್ತೆ, ಮಾವನ ಕುರ್ಜು ಕಟ್ಟೋರು ಯಾರು? ಮಾವನ ಬುಟ್ರೆ ಕಟ್ಟೋರೇ ಇಲ್ವಲ್ಲ ಈ ಸೀಮೇಲಿ!”

ಚಿಕ್ಕಮಾದಯ್ಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡ. “ಅದೂ ನಿಜಾನೆ ಕಣಮ್ಮ,” ಎಂದ, ಬಹಳ ಗಂಭೀರವಾಗಿ. ಅದಕ್ಕೆ ಮೀನಾ ಇನ್ನೂ ನಕ್ಕಳು.

“ಭವ್ಯ, ಬಾ ಇಲ್ಲಿ. ಕೇಳಿದ್ಯಾ? ಇದು ಅಸಲಿ. ನೀನು ಮೂರು ವಾರದಿಂದ ಹಿತ್ತಿಲಲ್ಲಿ ಬೈದಿದ್ದೆಲ್ಲ ಸರಿಯಾಗೇ ಇತ್ತು. ಉಗಿದಿದ್ದೂ ಸರಿ. ಉಪ್ಪೊಂದು ಇರ್ನಿಲ್ಲ.” ಮೀನಾ ಕೆನ್ನೆ ಉಬ್ಬಿಸಿ, ಅತ್ತೆಯ ದನಿ ಮಾಡುವ ಮಗಳ ದನಿಯನ್ನು ಹಾಗೇ ತೆಗೆದಳು. “‘ತಿನ್ನೋಕೂ ಮೂರ್ತ ನೋಡಬೇಕಾ ನಿಂಗೆ…’ ಅಂದು, ನುಂಗ್ಕೊಂಡು, ಕೋಳಿ ಓಡಿಸ್ತಿದ್ದೆ. ಕುರ್ಜಿಲ್ದೆ ನಿಮ್ಮಜ್ಜಿ ಯಾವತ್ತಾದ್ರೂ ಬೈಗುಳ ಮುಗಿಸವ್ರಾ?”

ಆ ವಿದ್ಯೆ ತನಗೆ ಯಾರಿಂದ ಬಂದದ್ದು ಎಂದು ಭವ್ಯಳಿಗೆ ಅವತ್ತು ಗೊತ್ತಾಯಿತು.

“ಮೊದಲನೇ ದಿನವೇ ಗೊತ್ತಿತ್ತಾ ಅವ್ವ? ಮತ್ತೆ ಯಾಕೆ ಉಂಡೆ?”

“ಬಿಸಿಲಲ್ಲಿ ನಿಂತು ಗಂಟಲು ಅರ್ಕೋತಿದ್ದೆಯಲ್ಲ, ಪಾಪ.”

ದೊಡ್ಡಮಾದಮ್ಮನಿಗೆ ಈಗ ಕೋಳಿಯ ಕಥೆ ಅರ್ಥವಾಯಿತು. “ಓ! ಚಿಕ್ಕಬಸಿ ಕೋಳಿಗೆ ಬೈದೋಳು ನೀನಾ ಮಗಳೇ? ನಾನು ಮರೆವು ಅಂತ ಒಂದು ಸೀಸೆ ಅರಳೆಣ್ಣೆ ಕಾಲಿ ಮಾಡಿವ್ನಿ!” ಎಂದು ಕೈ ಎತ್ತಿದಳು, ಏಟು ಬೀಳುವ ಮುಂಚೆ ಅವಳಿಗೂ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು, ಎರಡನ್ನೂ ಒಂದೇ ಸೆರಗಿನಲ್ಲಿ ಒರೆಸಿಕೊಂಡಳು. ಶಾಂತರಾಜು ನೀರಿನ ಚೊಂಬು ಹಿಡಿದು ಒಂದೇ ಚಪ್ಪಲಿಯಲ್ಲಿ ನಿಂತಿದ್ದ. ಅವನನ್ನು ನೋಡಿ ಭವ್ಯ ನಕ್ಕಳು.

ದೊಡ್ಡಮಾದಮ್ಮ ಸ್ಟೂಲು ಎಳೆದು ತಾವರೆಗೆ ಕೈ ಹಾಕಿದಳು.

“ಕೀಳಬೇಡಿ ಅತ್ತೆ,” ಎಂದಳು ಮೀನಾ. “ಇರ್ಲಿ ಬುಡಿ. ಅಮ್ಮಂದಿರ ದಿನಕ್ಕೂ ಆಯ್ತು, ಆಮೇಲಕ್ಕೂ ಆಯ್ತು. ಮಾವಂಗೆ ಇನ್ನೊಂದು ತಾವರೆ ಮಾಡೋ ವಾರದ ಕೆಲಸ ತಪ್ತು.”

ದೊಡ್ಡಮಾದಮ್ಮ ತಾವರೆಯಿಂದ ಕೈ ತೆಗೆದಳು. ಅಷ್ಟರಲ್ಲಿ ಗೋಡೆಯಾಚೆಯಿಂದ ಚಿಕ್ಕಬಸಮ್ಮನ ತಲೆ ಮೂಡಿತು.

“ಏನಕ್ಕ, ಬೆಳಬೆಳಗ್ಗೆ ಇಷ್ಟೊಂದು ನಗು? ಮೈಸೂರಿಂದ ಒಳ್ಳೆ ರಿಪೋರ್ಟು ಬಂತಾ?”

ಭವ್ಯ ಅವ್ವನ ಮುಖ ನೋಡಿದಳು. ಅವ್ವನ ಬಳೆ ಮೊಣಕೈಯಿಂದ ಜಾರಿ ಬೆರಳಿಗೆ ಬಂದಿತ್ತು. ಅದನ್ನು ಹಿಂದಕ್ಕೆ ಏರಿಸಿಕೊಂಡು, ತಲೆಯ ಮೇಲಿನ ಒಂಬತ್ತು ತಾವರೆಯೂ ಅಲ್ಲಾಡುವ ಹಾಗೆ, ಎಲ್ಲರಿಗಿಂತ ಜೋರಾಗಿ ನಕ್ಕವಳು ಮೀನಾ.